ಖಡ್ಗ ಕೈಗೆ ಒಲಿಯದವನ ಕಥೆ

ಪ್ರೀತಿಯ ಮಗಳೇ,



‘ಡ್ರ್ಯಾಗನ್ ಕ್ವೆಸ್ಟ್ 5’ ಮುಗಿಸಿದೆಯೆಂದೂ, ಅಷ್ಟೆಲ್ಲ ಅಲೆದ ಮೇಲೂ ಆ ದಿವ್ಯ ಖಡ್ಗ ನಿನ್ನ ಕಥಾನಾಯಕನ ಕೈಗೆ ಒಲಿಯಲಿಲ್ಲವೆಂದೂ ಬೇಸರದಿಂದ ಬರೆದಿದ್ದೀಯ. ನೀನು ನನ್ನ ಫೋನಿಗೆ ಹಾಕಿಕೊಟ್ಟು ಹೋದ ಆ ಆಟವನ್ನು ನಾನೂ ಕೊನೆಯವರೆಗೆ ಆಡಿದ್ದೇನೆ. ಖಡ್ಗ ಒಲಿಯದಿರುವುದೇ ಈ ಕಥೆಯ ಜೀವಾಳ ಎಂಬುದು ನನ್ನ ನಂಬಿಕೆ. ಅದಕ್ಕೇ ಈ ಕಾಗದ.

ಈ ಆಟ ಬಂದದ್ದು 1992ರ ಸೆಪ್ಟೆಂಬರಿನಲ್ಲಿ, ಜಪಾನಿನ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ. ಕಥೆ ಯೂಜಿ ಹೋರಿಯಿ ಅವರದು, ಪಾತ್ರಗಳ ಚಿತ್ರ ಅಕಿರಾ ತೋರಿಯಾಮಾ ಅವರದು, ಸಂಗೀತ ಕೋಯಿಚಿ ಸುಗಿಯಾಮಾ ಅವರದು. ಸರಣಿಯ ಹಿಂದಿನ ಆಟಗಳಲ್ಲಿ ನಾವು ನಡೆಸುವ ಪಾತ್ರವೇ ವೀರ, ಇಲ್ಲವೇ ವೀರವಂಶದ ಕುಡಿ. ಹೋರಿಯಿ ಇಲ್ಲಿ ಆ ಪಟ್ಟವನ್ನು ನಮ್ಮ ಕೈಯಿಂದ ತೆಗೆದುಬಿಟ್ಟರು. ಎಂಥ ಧೈರ್ಯ ಬೇಕು ಅದಕ್ಕೆ!

ಮೊದಲ ಭಾಗವನ್ನು ನೆನಪಿಸಿಕೋ. ಆರು ವರ್ಷದ ಹುಡುಗ ಅಪ್ಪ ಪಾಪಾಸನ ಹಿಂದೆ ನಡೆಯುತ್ತಾನೆ. (ನೀನು ಆಡಿದ ಇಂಗ್ಲಿಷ್ ಆವೃತ್ತಿಯಲ್ಲಿ ಅವನು ಪ್ಯಾಂಕ್ರಾಜ್. ನನಗೆ ಜಪಾನಿ ಹೆಸರೇ ಇಷ್ಟ.) ಒಂದೊಂದು ಕಾಳಗ ಮುಗಿದಾಗಲೂ ಅಪ್ಪ ತಾನಾಗಿಯೇ ಮಂತ್ರ ಹಾಕಿ ಮಗನ ಗಾಯ ಮಾಯಿಸುತ್ತಾನೆ. ನಾವು ಕೇಳಬೇಕಾಗಿಲ್ಲ, ಗುಂಡಿ ಒತ್ತಬೇಕಾಗಿಲ್ಲ. ಆಡುವಾಗ ಅದು ಸಣ್ಣ ಅನುಕೂಲ ಅನ್ನಿಸುತ್ತದೆ, ಅಷ್ಟೆ. ಆಮೇಲೆ ಗೇಮಾ ಎಂಬ ದುಷ್ಟ ಆ ಮಗುವಿನ ಕೊರಳಿಗೆ ಕುಡುಗೋಲು ಹಿಡಿಯುತ್ತಾನೆ. ಕ್ಷಣದ ಹಿಂದೆ ಇಬ್ಬರು ರಾಕ್ಷಸರನ್ನು ಒಬ್ಬನೇ ಸದೆಬಡಿದ ಪಾಪಾಸ್ ಈಗ ಕೈಯೆತ್ತದೆ ನಿಂತು ಏಟು ತಿನ್ನುತ್ತಾನೆ. ಆಟ ಅದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸುವುದಿಲ್ಲ. ಕಾಳಗದ ಪರದೆಯನ್ನೇ ತೆರೆದು, ಒಂದೊಂದು ಪೆಟ್ಟನ್ನೂ ತೋರಿಸುತ್ತದೆ. ನಮಗೆ ಮಾಡಲು ಏನೂ ಇಲ್ಲ. ಅವನು ಹೋದ ಮೇಲೆ, ಕಾಳಗದ ಕೊನೆಗೆ ಗಾಯ ಮಾಯಿಸುವವರು ಯಾರೂ ಇಲ್ಲವೆಂಬುದು ಆಡುತ್ತಾ ಆಡುತ್ತಾ ಗೊತ್ತಾಗುತ್ತದೆ. ತಂದೆಯಿಲ್ಲದ ಮನೆ ಹೇಗಿರುತ್ತದೆಂದು ಇಷ್ಟು ನಿಖರವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹತ್ತು ವರ್ಷದ ಗುಲಾಮಗಿರಿ, ಪೀಪಾಯಿಯಲ್ಲಿ ಕೂತು ಪಾರಾಗುವುದು, ಇವೆಲ್ಲ ನಿನಗೆ ಗೊತ್ತು. ಬಾಲ್ಯದಲ್ಲಿ ಗೆಳತಿ ಬಿಯಾಂಕಾಳ ಜೊತೆಗೂಡಿ ಕಾಪಾಡಿದ ಆ ಹುಲಿಮರಿಯಂಥ ಪ್ರಾಣಿಯನ್ನು ಮಾತ್ರ ಬಿಟ್ಟು ಮುಂದೆ ಹೋಗಲಾರೆ. ಬೆಳೆದು ದೊಡ್ಡದಾದ ಅದು ಗುಹೆಯೊಂದರಲ್ಲಿ ಪಾಪಾಸನ ಕತ್ತಿಯನ್ನು ಕಾಯುತ್ತಿರುತ್ತದೆ. ಬಿಯಾಂಕಾಳ ರಿಬ್ಬನ್ ತೋರಿಸಿದಾಗ ಗುರುತು ಹಿಡಿಯುತ್ತದೆ. ಹಳ್ಳಿಯವರು ಮಾತ್ರ ‘ಈ ಮೃಗದ ಜೊತೆ ನೀನೂ ಶಾಮೀಲು’ ಎಂದು ಕಥಾನಾಯಕನನ್ನೇ ದೂರುತ್ತಾರೆ. ಒಳ್ಳೆಯ ಕೆಲಸಕ್ಕೆ ಮೆಚ್ಚುಗೆ ಸಿಗಲೇಬೇಕೆಂದಿಲ್ಲ ಎಂಬುದನ್ನು ಮಕ್ಕಳಿಗೆ ಮರೆಮಾಚದ ಬರಹಗಾರರನ್ನು ನಾನು ಗೌರವಿಸುತ್ತೇನೆ.

ಇನ್ನು ನಿನ್ನ ದೂರಿನ ವಿಷಯ. ಅಪ್ಪ ಬಚ್ಚಿಟ್ಟ ಆ ದಿವ್ಯ ಖಡ್ಗವೂ ಪತ್ರವೂ ಸಿಗುತ್ತವೆ: ವೀರನನ್ನು ಹುಡುಕು, ಸೆರೆಯಲ್ಲಿರುವ ತಾಯಿಯನ್ನು ಬಿಡಿಸು ಎಂಬುದು ಪತ್ರದ ಸಾರ. ಖಡ್ಗ ಇವನ ಕೈಯಲ್ಲಿ ನಿಲ್ಲುವುದಿಲ್ಲ. ಆದರೂ ಹೊತ್ತು ತಿರುಗುತ್ತಾನೆ. ಮದುವೆಯಾಗಿ, ಅವಳಿ ಮಕ್ಕಳ ಮುಖ ನೋಡಿದ ಬೆನ್ನಿಗೇ ಕಲ್ಲಾಗಿ, ಎಂಟು ವರ್ಷ ಯಾವನೋ ಸಾಹುಕಾರನ ತೋಟದಲ್ಲಿ ವಿಗ್ರಹವಾಗಿ ನಿಲ್ಲುತ್ತಾನೆ. ಋತುಗಳು ಕಳೆಯುತ್ತವೆ, ಆ ಮನೆಯ ಮಗು ಕಣ್ಣೆದುರೇ ಬೆಳೆಯುತ್ತದೆ, ತನ್ನ ಮಕ್ಕಳು ಎಲ್ಲೋ ಬೆಳೆಯುತ್ತಿದ್ದಾರೆ. ಕೊನೆಗೆ ಆ ಮಕ್ಕಳೇ ಹುಡುಕಿಕೊಂಡು ಬಂದು ಅಪ್ಪನನ್ನು ಬಿಡಿಸುತ್ತಾರೆ. ಎಂಟು ವರ್ಷದ ಮಗ ಆ ಖಡ್ಗವನ್ನು ಸಲೀಸಾಗಿ ಹಿಡಿಯುತ್ತಾನೆ. ವೀರನ ರಕ್ತ ಬಂದದ್ದು ಆ ಮಗನ ತಾಯಿಯ ಕಡೆಯಿಂದ.

ನಿನಗೆ ಅದು ಸೋಲಿನಂತೆ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಈ ವಯಸ್ಸಿನಲ್ಲಿ ನಿಂತು ನೋಡಿದರೆ, ನನಗೆ ಗೊತ್ತಿರುವ ಬಹುಪಾಲು ಜನ ಹೀಗೇ ಬದುಕಿದರು. ಅವರು ತಮ್ಮದಲ್ಲದ ಖಡ್ಗವನ್ನು ತುಕ್ಕು ಹಿಡಿಯದಂತೆ ಹೊತ್ತು ತಂದು ಮುಂದಿನವರಿಗೆ ಕೊಟ್ಟರು. ಅವರಿಲ್ಲದಿದ್ದರೆ ಆ ಹುಡುಗನ ಕೈಗೆ ಹಿಡಿಯಲು ಏನಿರುತ್ತಿತ್ತು? ನೀನು ಇಪ್ಪತ್ತು ದಾಟುತ್ತಿದ್ದೀಯ. ಎಲ್ಲರೂ ನಿನಗೆ ‘ನೀನೇ ನಾಯಕಿ’ ಎಂದು ಹೇಳುವ ಕಾಲ ಇದು. ಆಗದಿದ್ದರೆ ಬದುಕು ಬರಿದಾಯಿತೆಂದು ಯಾರಾದರೂ ಹೇಳಿದರೆ ನಂಬಬೇಡ.

ಇನ್ನೊಮ್ಮೆ ಆಡು. ಈ ಸಲ ಬಿಯಾಂಕಾಳನ್ನೋ ಫ್ಲೋರಾಳನ್ನೋ, ಯಾರನ್ನು ವರಿಸಿದರೂ ನನ್ನ ತಕರಾರಿಲ್ಲ. ಸಾಂತಾ ರೋಸಾ ಹಳ್ಳಿಯಲ್ಲಿ ಅಪರಿಚಿತ ಯುವಕನೊಬ್ಬ ಹುಡುಗನ ಚಿನ್ನದ ಗೋಳವನ್ನು ನೋಡಲು ಕೇಳುತ್ತಾನಲ್ಲ, ಅವನ ಮಾತನ್ನು ಅವಸರದಲ್ಲಿ ದಾಟಿಸಬೇಡ. ಅವನು ಯಾರೆಂದು ನಿನಗೀಗ ಗೊತ್ತು. ನೀನೇ ಆ ಯುವಕನಾಗಿ ಕಾಲ ದಾಟಿ ಅಲ್ಲಿಗೆ ಹೋದಾಗ, ಗೋಳ ಬದಲಾಯಿಸಿಕೊಂಡು ತಿರುಗಿ ಬಂದುಬಿಡಬೇಡ. ಪಾಪಾಸ್ ಇನ್ನೂ ಬದುಕಿದ್ದಾನೆ. ಹೋಗಿ ಮಾತಾಡಿಸು. ಅವನ ವಿಧಿ ತಪ್ಪುವುದಿಲ್ಲ, ಆದರೂ ಮಾತಾಡಿಸು.

ಆಮೇಲೆ ಆ ಆಟವನ್ನು ನಿನ್ನ ಅಪ್ಪನ ಕೈಗೆ ಕೊಡು. ಬೇಡವೆಂದರೂ ಬಿಡಬೇಡ, ಪಕ್ಕದಲ್ಲಿ ಕೂತು ಆಡಿಸು.

ಇಂತಿ,
ನಿನ್ನ ದೊಡ್ಡಪ್ಪ