ಕಾಂಕ್ರೀಟಿನ ಮೇಲಣ ಲೇಪವು ಏಕೆ ಏಳುತ್ತದೆ?

ಕಾಂಕ್ರೀಟು ನೆಲವು ನೀರನ್ನು ಹೀರದಿರಲೆಂದು ಅದರ ಮೇಲೆ ಅಕ್ರಿಲಿಕ್ ಅಥವಾ ಎಪಾಕ್ಸಿ ಲೇಪವನ್ನು ಬಳಿಯುವುದುಂಟು. ಬಳಿದ ದಿನ ನೆಲವು ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಲ್ಲಿ ಬಿಳಿಯ ಮಬ್ಬು ಕವಿದು, ಗುಳ್ಳೆಗಳೆದ್ದು, ಲೇಪವು ಹಪ್ಪಳದಂತೆ ಕಳಚಿಬರಬಹುದು. ಮನೆಯ ಯಜಮಾನನು ಮೇಲೆ ಬಿದ್ದ ನೀರನ್ನು ದೂರಿ ಮತ್ತೊಮ್ಮೆ ಲೇಪ ಬಳಿಸುತ್ತಾನೆ. ಅದೂ ಏಳುತ್ತದೆ, ಹಣವು ಎರಡನೆಯ ಸಲ ಹಾಳಾಗುತ್ತದೆ. ಇಂತಹ ನೆಲಗಳಲ್ಲಿ ಕೇಡು ಬಹುಮಟ್ಟಿಗೆ ಕೆಳಗಿನಿಂದ ಬರುತ್ತದೆ. ಅದು ಹೇಗೆಂಬುದನ್ನು ನೋಡೋಣ.

ಕಾಂಕ್ರೀಟು ಕಲ್ಲಿನಂತೆ ಕಂಡರೂ ರಂಧ್ರಮಯವಾದ ವಸ್ತು. ಸಿಮೆಂಟು ಗಟ್ಟಿಯಾಗುವುದು ನೀರಿನೊಡನೆ ರಾಸಾಯನಿಕವಾಗಿ ಸಂಯೋಗ ಹೊಂದುವುದರಿಂದ. ಈ ಸಂಯೋಗಕ್ಕೆ ಸಿಮೆಂಟಿನ ತೂಕದ ಸುಮಾರು ಕಾಲು ಪಾಲು ನೀರು ಸಾಕು. ಆದರೆ ಕಲಸಲು ಅನುಕೂಲವಾಗಲೆಂದು 50 ಕಿಲೋಗ್ರಾಂ ಚೀಲವೊಂದಕ್ಕೆ 25 ಲೀಟರಿನಷ್ಟು ನೀರನ್ನು ಸೇರಿಸುವುದುಂಟು. ಮಿಕ್ಕ ನೀರಿನಲ್ಲಿ ಸ್ವಲ್ಪ ಭಾಗ ಒಳಗೇ ಉಳಿದು, ಉಳಿದುದು ಮೆಲ್ಲನೆ ಆವಿಯಾಗಿ ಹೋಗುವಾಗ ಅತಿ ಸೂಕ್ಷ್ಮವಾದ ನಾಳಗಳು ನಿಲ್ಲುತ್ತವೆ.

ಬತ್ತಿಯಲ್ಲಿ ಎಣ್ಣೆಯೇರುವಂತೆ ಈ ನಾಳಗಳಲ್ಲಿ ಮಣ್ಣಿನ ತೇವವು ಏರುತ್ತದೆ. ನಾಳವು ಕಿರಿದಾದಷ್ಟೂ ಏರಿಕೆ ಹೆಚ್ಚು. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ ತ್ರಿಜ್ಯವುಳ್ಳ ಗಾಜಿನ ನಾಳದಲ್ಲಿ ನೀರು, ಲೆಕ್ಕದ ಪ್ರಕಾರ, ಸುಮಾರು ಒಂದೂವರೆ ಮೀಟರು ಏರಬಲ್ಲದು! ಮೇಲ್ಮೈ ತೆರೆದಿದ್ದರೆ ಈ ತೇವವು ಗಾಳಿಗೆ ಸೇರಿಹೋಗುತ್ತದೆ. ಲೇಪದಿಂದ ಮುಚ್ಚಿದರೆ ಪೊರೆಯ ಕೆಳಗೆ ಕೂಡುತ್ತದೆ. ಬರುವಾಗ ಅದು ಸಿಮೆಂಟಿನ ಸುಣ್ಣವನ್ನೂ ಕ್ಷಾರಗಳನ್ನೂ ಕರಗಿಸಿಕೊಂಡು ಬರುವುದರಿಂದ ಲೇಪದ ಹಿಡಿತವು ಸಡಿಲವಾಗುತ್ತದೆ. ಬಿಸಿಲು ಈ ಕೆಲಸಕ್ಕೆ ನೆರವಾಗುತ್ತದೆ. ನೀರಿನ ಪರ್ಯಾಪ್ತ ಆವಿಯ ಒತ್ತಡವು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಮೂರು ಪಟ್ಟಿಗೂ ಹೆಚ್ಚು. ಸಡಿಲವಾದ ಪೊರೆಯನ್ನು ಇದು ಮೇಲಕ್ಕೆತ್ತುತ್ತದೆ.

ನೆಲದಲ್ಲಿ ತೇವವಿದೆಯೆ ಎಂಬುದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಸುಮಾರು 45 ಸೆಂಟಿಮೀಟರು ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕು ಅಂಚುಗಳನ್ನೂ ಟೇಪಿನಿಂದ ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿಗಳು ಮೂಡಿದ್ದರೆ, ಅಥವಾ ಅದರ ಕೆಳಗಿನ ಕಾಂಕ್ರೀಟು ಕಪ್ಪಾಗಿದ್ದರೆ, ಲೇಪ ಬಳಿಯಲು ಕಾಲ ಬಂದಿಲ್ಲ. ಬೇಸಗೆಯಲ್ಲಿ ಒಣಗಿ ಕಂಡ ನೆಲವನ್ನು ಮಳೆಗಾಲದಲ್ಲಿಯೂ ಒಮ್ಮೆ ಪರೀಕ್ಷಿಸುವುದು ಲೇಸು.

ನಿವಾರಣೆಯು ಕಾಂಕ್ರೀಟು ಹಾಸುವ ಮೊದಲೇ ಆರಂಭವಾಗಬೇಕು. ಕೆಳಗೆ ಜಲ್ಲಿಯ ಪದರವನ್ನೂ ಅದರ ಮೇಲೆ ದಪ್ಪನೆಯ ಪಾಲಿಥೀನ್ ಹಾಳೆಯನ್ನೂ ಹಾಸಿದರೆ ಮಣ್ಣಿನ ತೇವಕ್ಕೆ ತಡೆಯಾಗುತ್ತದೆ. ಕಲಸುವ ನೀರು ಮಿತವಾಗಿರಬೇಕು. ಹಾಸಿದ ಮೇಲೆ ಸಾಮಾನ್ಯವಾಗಿ 28 ದಿನಗಳಾದರೂ ಕಳೆಯಬೇಕು. ದಪ್ಪನೆಯ ನೆಲ ಒಣಗಲು ಇನ್ನೂ ಹೆಚ್ಚು ಕಾಲ ಬೇಕು. ಧೂಳು, ಎಣ್ಣೆಗಳನ್ನು ತೆಗೆದು, ಬಿಸಿಲಿಳಿದ ಮೇಲೆ ತೆಳುವಾಗಿ ಎರಡು ಸಲ ಬಳಿಯಬೇಕು. ಏರುಬಿಸಿಲಿನಲ್ಲಿ ಬಳಿದರೆ ರಂಧ್ರಗಳೊಳಗಣ ಗಾಳಿಯು ಹಿಗ್ಗಿ, ಹಸಿಯಾದ ಪೊರೆಯಲ್ಲಿ ಗುಳ್ಳೆಗಳನ್ನೆಬ್ಬಿಸುತ್ತದೆ. ತೇವವನ್ನು ಪೂರ್ತಿಯಾಗಿ ತಡೆಯಲಾಗದ ಕಡೆ ಸಿಲೇನಿನಂತಹ, ಒಳಕ್ಕಿಳಿಯುವ ದ್ರವಗಳು ಮೇಲು. ಇವು ಪೊರೆಗಟ್ಟದೆ ರಂಧ್ರದ ಗೋಡೆಗಳಿಗೆ ಅಂಟಿಕೊಂಡು ನೀರನ್ನು ದೂಡುತ್ತವೆ. ಆವಿಗೆ ಮಾತ್ರ ದಾರಿ ಬಿಡುತ್ತವೆ.

ಎದ್ದ ಲೇಪದ ಮೇಲೆ ಇನ್ನೊಂದು ಲೇಪ ಬಳಿಯುವುದು ಕಾರಣವನ್ನು ಬಿಟ್ಟು ಕುರುಹನ್ನು ಮುಚ್ಚಿದಂತೆ. ಡಬ್ಬಿಯನ್ನು ತೆರೆಯುವ ಮುನ್ನ ಒಂದು ಹಾಳೆಯನ್ನಂಟಿಸಿ ಒಂದು ರಾತ್ರಿ ಕಾಯುವ ತಾಳ್ಮೆಯಿದ್ದರೆ, ವರ್ಷಗಳ ಕಾಲ ಪಶ್ಚಾತ್ತಾಪ ಪಡುವುದು ತಪ್ಪುತ್ತದೆ.