ಮರೆವಿನ ತಪಾಸಣೆ: ಮನೆಬಾಗಿಲಿಗೆ ಹೋಗುವವರಿಗೆ ಕಟ್ಟುನಿಟ್ಟಿನ ಸೂಚನೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ 60 ದಾಟಿದವರ ಡಿಮೆನ್ಷಿಯಾ ತಪಾಸಣೆಗೆ ಹೋಗುವ ಆಶಾ ಕಾರ್ಯಕರ್ತೆಯರು, ನರ್ಸ್‌ಗಳು, ಸ್ವಯಂಸೇವಕರು ಗಮನಿಸಿ. ಅನುಮಾನ ಬಂದವರನ್ನು ವೈದ್ಯರ ಮುಂದೆ ಕೂರಿಸುವುದಷ್ಟೇ ನಿಮ್ಮ ಕೆಲಸ. ಕಾಯಿಲೆಗೆ ಹೆಸರಿಡುವುದು ನಿಮ್ಮದಲ್ಲ.

ಮಾಡಬೇಕಾದ್ದು

ಯಾಕೆ ಬಂದಿದ್ದೀರಿ ಎಂದು ಮೊದಲೇ ಹೇಳಿ, ಒಪ್ಪಿಗೆ ಪಡೆಯಿರಿ. ಕಾಗದ ಹಿಡಿದು ಬಂದವರನ್ನು ಕಂಡರೆ ಸಂಧ್ಯಾ ಸುರಕ್ಷಾ ಪಿಂಚಣಿ ನಿಲ್ಲಿಸಲು ಬಂದರೆಂದು ಅಜ್ಜಂದಿರು ಗಾಬರಿಯಾಗುತ್ತಾರೆ. ಗಾಬರಿಯಾದವರಿಗೆ ಮೊಮ್ಮಗನ ಹೆಸರೂ ನೆನಪಾಗದು.

ಕನ್ನಡಕ ಇದ್ದರೆ ಹಾಕಿಸಿ. ಯಾವ ಕಿವಿ ಚೆನ್ನಾಗಿ ಕೇಳುತ್ತದೋ ಆ ಕಡೆ ಕೂತು ಮಾತಾಡಿ.

ಮನೆಮಾತಿನಲ್ಲೇ ಕೇಳಿ. ಪಾವಗಡದ ಅನೇಕ ಹಳ್ಳಿಗಳಲ್ಲಿ ಅದು ತೆಲುಗು, ಸಿರಾ ಪೇಟೆಯ ಎಷ್ಟೋ ಮನೆಗಳಲ್ಲಿ ಉರ್ದು. ನಿಮಗೆ ಬಾರದಿದ್ದರೆ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ.

ಮನೆಯವರನ್ನು ಬೇರೆಯಾಗಿ ಕೂರಿಸಿ ಕೇಳಿ. ಹೆಚ್ಚು ಹೊತ್ತು ಇಲ್ಲೇ ಕೊಡಿ. 'ಮರೆವು ಇದೆಯಾ?' ಅಂದರೆ 'ಅರವತ್ತಕ್ಕೆ ಅರಳು ಮರಳು ಅಲ್ವೇನಮ್ಮ' ಎಂದು ನಕ್ಕುಬಿಡುತ್ತಾರೆ. ಮೊದಲು ಸಲೀಸಾಗಿ ಮಾಡುತ್ತಿದ್ದು ಈಗ ಕೈತಪ್ಪಿದ ಕೆಲಸ ಯಾವುದು ಎಂದು ಕೇಳಿ. ಸಂತೆಯಲ್ಲಿ ಚಿಲ್ಲರೆ ಎಣಿಸಿಕೊಳ್ಳುತ್ತಿದ್ದವರು ಈಗ ನೋಟು ಚಾಚಿ ಸುಮ್ಮನೆ ನಿಲ್ಲುತ್ತಾರಾ? ಮುದ್ದೆಗೆ ಎಸರಿಟ್ಟು, ಹಿಟ್ಟು ಹಾಕುವುದನ್ನು ಮರೆತು, ಪಾತ್ರೆ ಸೀದದ್ದುಂಟಾ? ತಮ್ಮದೇ ಹೊಲದಿಂದ ಬರುವಾಗ ದಾರಿ ತಪ್ಪಿದರಾ? ಯಾವಾಗಿನಿಂದ ಎಂಬುದನ್ನೂ ಬರೆದುಕೊಳ್ಳಿ. 'ಹೋದ ಸಲ ಕಡಲೆಕಾಯಿ ಬಿತ್ತೋ ಹೊತ್ತಿಗೆ ಸರಿಯಾಗಿದ್ರು' ಎಂಬ ಉತ್ತರವೂ ಸಾಕು.

ಎರಡು ಮೂರು ದಿನದಲ್ಲಿ ದಿಢೀರನೆ ಗೊಂದಲ ಶುರುವಾಗಿದೆಯೇ? ತಪಾಸಣೆಯ ನಮೂನೆ ಪಕ್ಕಕ್ಕಿಡಿ. ಮೂತ್ರದ ಸೋಂಕು, ಸೋಡಿಯಂ ಇಳಿತ, ಬಿದ್ದು ತಲೆಗಾದ ಪೆಟ್ಟು, ಏನೂ ಇರಬಹುದು. ಅಂದೇ ಆಸ್ಪತ್ರೆಗೆ ಕಳಿಸಿ.

ಅನುಮಾನ ಬಂದ ಉಳಿದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆ ಮಾತ್ರೆ ಕೂಡ ಮರೆವು ತರುತ್ತವೆ, ಇವನ್ನು ಸರಿಪಡಿಸಬಹುದು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತರಲು ಹೇಳಿ.

ಮಾಡಬಾರದ್ದು

ಶಾಲೆಯ ಮೆಟ್ಟಿಲು ಹತ್ತದವರಿಗೆ ಓದಿಸಿ, ಬರೆಸಿ, ನೂರರಿಂದ ಏಳೇಳು ಕಳೆಸಿ ಅಂಕ ಹಾಕಕೂಡದು. ಹರಿಯಾಣದ ಬಲ್ಲಭಗಢದಲ್ಲಿ ಅಕ್ಷರ ಬಾರದ ಹಿರಿಯರಿಗೆಂದು ಹಿಂದಿಯಲ್ಲಿ ಪರೀಕ್ಷೆ ರೂಪಿಸಿದವರು, 'ಕಣ್ಣು ಮುಚ್ಚಿ' ಎಂಬ ಬರಹ ಓದಿಸುವುದನ್ನು ಬಿಟ್ಟು, 'ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ' ಎಂದು ಬದಲಿಸಿದರು. ಐಸಿಎಂಆರ್ ಕನ್ನಡ, ತೆಲುಗಿನಲ್ಲೂ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ತರಬೇತಿಯಲ್ಲಿ ಕೊಟ್ಟ ನಮೂನೆ ಬಿಟ್ಟು ಫೋನಿನಲ್ಲಿ ಸಿಕ್ಕ ಪ್ರಶ್ನೆಪಟ್ಟಿ ಬಳಸಬೇಡಿ. ಕೊಟ್ಟ ಪ್ರಶ್ನೆಯನ್ನು ನಿಮ್ಮಿಷ್ಟಕ್ಕೆ ತಿದ್ದಲೂ ಬೇಡಿ. ತಾರೀಖು ಗೊತ್ತಿಲ್ಲ, ಆದರೆ ಅಮಾವಾಸ್ಯೆ ಯಾವತ್ತೆಂದು ಹೇಳಿದರು ಎನ್ನುವಂಥದ್ದನ್ನು ಷರಾದಲ್ಲಿ ಬರೆಯಿರಿ.

ಪಕ್ಕದಲ್ಲಿ ನಿಂತ ಮಗ ಉತ್ತರ ಹೇಳಿಕೊಡಲು ಬಿಡಬೇಡಿ. ಜಗಲಿಯ ಮೇಲೆ, ಬೀದಿಯವರ ಎದುರು ಪರೀಕ್ಷೆ ಬೇಡವೇ ಬೇಡ.

ಅಂಕ ಕಡಿಮೆ ಬಂದ ಮಾತ್ರಕ್ಕೆ 'ಡಿಮೆನ್ಷಿಯಾ ಇದೆ' ಅನ್ನಬೇಡಿ. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4 ಮಂದಿಗೆ ಈ ಕಾಯಿಲೆ ಇದೆಯೆಂಬುದು 2023ರಲ್ಲಿ ಪ್ರಕಟವಾದ ಅಂದಾಜು. ನೀವು ನೋಡುವ ಬಹುಪಾಲು ಜನರಿಗೆ ಅದಿಲ್ಲ.

ತುಂಬಿದ ನಮೂನೆಯನ್ನು ಮನೆಯವರ ಕೈಗೆ ಕೊಡಬೇಡಿ, ಫೋಟೋ ತೆಗೆಯಲೂ ಬಿಡಬೇಡಿ. ಪಾಲಿನ ಜಗಳವಿರುವ ಮನೆಯಲ್ಲಿ ಅದು ನಾಳೆಯೇ 'ಅಪ್ಪನಿಗೆ ಬುದ್ಧಿ ಸ್ಥಿಮಿತವಿಲ್ಲ' ಎಂಬ ಕಾಗದವಾಗಿ ತಾಲ್ಲೂಕು ಕಚೇರಿ ಸೇರುತ್ತದೆ. ನೋಡಿಕೊಳ್ಳುವವರು ಸೋತು ಕೂತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟು ಬನ್ನಿ.