ಹಳೆಯ ಮಾನಿಟರು: ಇರಿಸಿಕೊಳ್ಳುವುದೋ, ಬದಲಿಸುವುದೋ?

ದೀಪಾವಳಿಯ ಬೋನಸ್ ಕೈಸೇರುವ ದಿನಗಳಲ್ಲಿ ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: “ಮನೆಯ ಕಂಪ್ಯೂಟರಿನ ಮಾನಿಟರು ಹಳೆಯದಾಗಿದೆ. ಕೆಟ್ಟಿಲ್ಲ, ನಡೆಯುತ್ತಿದೆ. ಆದರೂ ಹೊಸದು ತರೋಣವೇ?” ಆರೇಳು ಸಾವಿರ ರೂಪಾಯಿಯೆಂದರೆ ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ. ಅದು ಊರಿನಲ್ಲಿರುವ ತಂದೆತಾಯಿಗಳಿಗೆ ಕಳಿಸುವ ಹಣವಾಗಬಹುದು, ಮಗಳ ಪರೀಕ್ಷೆಯ ಶುಲ್ಕವಾಗಬಹುದು. ಇನ್ನೊಂದು ಕಡೆ, ಕಣ್ಣು ದಣಿದರೆ ಗುಮಾಸ್ತನ ಅನ್ನಕ್ಕೇ ಸಂಚಕಾರ. ಆದುದರಿಂದ ಈ ಪ್ರಶ್ನೆಯನ್ನು ಅಂಗಡಿಯವನ ಮಾತಿಗೂ ನೆರೆಮನೆಯ ಪರದೆಯ ಹೊಳಪಿಗೂ ಬಿಡದೆ, ಜಮಾಖರ್ಚಿನಂತೆ ಬಿಡಿಸಿ ನೋಡುವುದೇ ಈ ಪಾಠದ ಉದ್ದೇಶ.

೧. ಯಾವ ಬಗೆಯ ಮಾನಿಟರು?

“ಹಳೆಯದು” ಎಂಬ ಒಂದೇ ಮಾತಿನಲ್ಲಿ ಮೂರು ಬಗೆಗಳು ಅಡಗಿವೆ. ಮೊದಲನೆಯದು ಬೆನ್ನು ಉಬ್ಬಿದ, ಭಾರವಾದ, ಗಾಜಿನ ನಳಿಗೆಯುಳ್ಳ ಸಿ.ಆರ್.ಟಿ. ೧೮೯೭ರಲ್ಲಿ ಜರ್ಮನಿಯ ವಿಜ್ಞಾನಿ ಕಾರ್ಲ್ ಫರ್ಡಿನಂಡ್ ಬ್ರೌನ್ ರೂಪಿಸಿದ ನಳಿಗೆಯೇ ಇದರ ಮೂಲಪುರುಷ. ಎರಡನೆಯದು ತೆಳ್ಳಗಿನ ಎಲ್.ಸಿ.ಡಿ.; ಇದರ ಪರದೆಯ ಹಿಂದೆ ಕಡ್ಡಿಯಷ್ಟು ಸಣ್ಣ ಟ್ಯೂಬ್‌ಲೈಟಿನಂಥ ದೀಪಗಳಿರುತ್ತವೆ. ಮೂರನೆಯದು ಅದೇ ಎಲ್.ಸಿ.ಡಿ., ಆದರೆ ಹಿಂದಿನ ದೀಪ ಮಾತ್ರ ಎಲ್.ಇ.ಡಿ. ಅಂಗಡಿಯಲ್ಲಿ “ಎಲ್.ಇ.ಡಿ. ಮಾನಿಟರ್” ಎಂದು ಮಾರುವುದು ಸಾಮಾನ್ಯವಾಗಿ ಇದನ್ನೇ. ನಿಮ್ಮಲ್ಲಿರುವುದು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ; ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ.

೨. ಕರೆಂಟಿನ ಉಳಿತಾಯದಿಂದ ಬೆಲೆ ಹುಟ್ಟುವುದೇ?

“ಹೊಸದು ಕೊಂಡರೆ ಕರೆಂಟಿನಲ್ಲೇ ಅಸಲು ಹುಟ್ಟುತ್ತದೆ” ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಇದನ್ನು ಪರೀಕ್ಷಿಸೋಣ. ಹೊಸ ಮಾನಿಟರಿಗೆ ೬,೫೦೦ ರೂಪಾಯಿ, ಒಂದು ಯೂನಿಟ್ಟಿಗೆ ೮ ರೂಪಾಯಿ, ವರ್ಷಕ್ಕೆ ೩೦೦ ದಿನದ ಬಳಕೆ ಎಂದು ಇಟ್ಟುಕೊಳ್ಳಿ.

ಮೊದಲನೆಯ ಮನೆ: ಟ್ಯೂಬ್ ದೀಪದ ಹಳೆಯ ಎಲ್.ಸಿ.ಡಿ. ಇದೆ. ಅದು ೩೫ ವ್ಯಾಟ್ ಎಳೆಯುತ್ತದೆ, ಹೊಸದು ೨೦ ವ್ಯಾಟ್. ವ್ಯತ್ಯಾಸ ೧೫ ವ್ಯಾಟ್. ದಿನಕ್ಕೆ ೩ ಗಂಟೆಯಂತೆ ವರ್ಷಕ್ಕೆ ೯೦೦ ಗಂಟೆ. ಉಳಿಯುವುದು ಹದಿಮೂರೂವರೆ ಯೂನಿಟ್ಟು, ಅಂದರೆ ೧೦೮ ರೂಪಾಯಿ. ಈ ಉಳಿತಾಯದಿಂದ ೬,೫೦೦ ರೂಪಾಯಿ ಹುಟ್ಟಬೇಕಾದರೆ ೬೦ ವರ್ಷ ಕಾಯಬೇಕು!

ಎರಡನೆಯ ಮನೆ: ಸಿ.ಆರ್.ಟಿ. ಇದೆ, ೭೫ ವ್ಯಾಟಿನದು. ಯಜಮಾನರು ಅಂಗಡಿಗಳ ಲೆಕ್ಕ ಬರೆಯುವವರಾದ್ದರಿಂದ ದಿನಕ್ಕೆ ೮ ಗಂಟೆ ನಡೆಯುತ್ತದೆ. ವ್ಯತ್ಯಾಸ ೫೫ ವ್ಯಾಟ್, ವರ್ಷಕ್ಕೆ ೨,೪೦೦ ಗಂಟೆ, ಉಳಿತಾಯ ೧೩೨ ಯೂನಿಟ್ಟು, ಅಂದರೆ ೧,೦೫೬ ರೂಪಾಯಿ. ಇಲ್ಲಿ ಆರು ವರ್ಷಕ್ಕೆ ಅಸಲು ಹುಟ್ಟುತ್ತದೆ.

ಇದರಿಂದ ತಿಳಿಯುವುದೇನೆಂದರೆ, ತೆಳ್ಳಗಿನ ಮಾನಿಟರನ್ನು ಕರೆಂಟಿನ ನೆಪದಿಂದ ಬದಲಿಸುವುದು ನಷ್ಟದ ಬಾಬತ್ತು. ಹಗಲಿರುಳು ನಡೆಯುವ ಸಿ.ಆರ್.ಟಿ.ಯ ವಿಷಯದಲ್ಲಿ ಮಾತ್ರ ಈ ವಾದಕ್ಕೆ ಸ್ವಲ್ಪ ಬಲವಿದೆ. ನಿಮ್ಮ ಲೆಕ್ಕಕ್ಕೆ ನಿಮ್ಮ ಬಿಲ್ಲಿನ ದರವನ್ನೇ ಹಿಡಿಯಿರಿ. ದರ ಹಂತಹಂತವಾಗಿ ಏರುವ ಕಡೆ, ಉಳಿಯುವ ಯೂನಿಟ್ಟು ಕಟ್ಟಕಡೆಯ ದುಬಾರಿ ಹಂತದಿಂದ ಕಳೆಯುತ್ತದೆ ಎಂಬುದನ್ನು ಮರೆಯಬಾರದು.

೩. ವ್ಯಾಟನ್ನು ಅಳೆಯುವ ಬಗೆ

ಮಾನಿಟರಿನ ಬೆನ್ನಿನ ಚೀಟಿಯಲ್ಲಿ ೧.೫ ಆಂಪಿಯರ್ ಎಂದಿರಬಹುದು. ಅದನ್ನು ೨೩೦ ವೋಲ್ಟಿನಿಂದ ಗುಣಿಸಿ ೩೪೫ ವ್ಯಾಟ್ ಎಂದು ಬೆಚ್ಚಬೇಡಿ. ಅದು ಗರಿಷ್ಠ ಮಿತಿಯೇ ಹೊರತು ದಿನನಿತ್ಯದ ಖರ್ಚಲ್ಲ. ನಿಜವಾದ ಖರ್ಚನ್ನು ಮನೆಯ ಮೀಟರಿನಿಂದಲೇ ತಿಳಿಯಬಹುದು. ಈಗಿನ ಮೀಟರುಗಳ ಮುಖದಲ್ಲಿ ಕೆಂಪು ದೀಪವೊಂದು ಮಿನುಗುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬ ಸಂಖ್ಯೆ ಅದರ ಮೇಲೆಯೇ ಅಚ್ಚಾಗಿರುತ್ತದೆ. ಅನೇಕ ಮೀಟರುಗಳಲ್ಲಿ ಅದು ೩,೨೦೦.

ಫ್ಯಾನು, ಫ್ರಿಜ್ಜು, ದೀಪ ಎಲ್ಲವನ್ನೂ ಆರಿಸಿ, ಕಂಪ್ಯೂಟರನ್ನು ಮಾತ್ರ ನಡೆಯಗೊಟ್ಟು ೧೦ ನಿಮಿಷದ ಮಿನುಗುಗಳನ್ನು ಎಣಿಸಿ. ಬಳಿಕ ಮಾನಿಟರಿನ ಗುಂಡಿಯನ್ನಷ್ಟೇ ಒತ್ತಿ ಆರಿಸಿ, ಮತ್ತೆ ೧೦ ನಿಮಿಷ ಎಣಿಸಿ. ಎರಡರ ವ್ಯತ್ಯಾಸವೇ ಮಾನಿಟರಿನ ಪಾಲು. ೩,೨೦೦ರ ಮೀಟರಿನಲ್ಲಿ ಒಂದು ಮಿನುಗಿಗೆ ಸುಮಾರು ೧.೯ ವ್ಯಾಟ್ ಹಿಡಿಯಿರಿ. ೧೮ ಮಿನುಗಿನ ವ್ಯತ್ಯಾಸ ಬಂದರೆ ಮಾನಿಟರು ಸುಮಾರು ೩೪ ವ್ಯಾಟಿನದು.

೪. ಕಣ್ಣಿನ ಪ್ರಶ್ನೆ

ಹಣಕ್ಕಿಂತ ಇದು ದೊಡ್ಡದು. ಆದರೆ ಕಣ್ಣು ನೋಯುವುದಕ್ಕೆ ಮಾನಿಟರೇ ಕಾರಣವೆಂದು ತೀರ್ಮಾನಿಸುವ ಮೊದಲು, ಖರ್ಚಿಲ್ಲದ ನಾಲ್ಕು ಕೆಲಸಗಳನ್ನು ಮಾಡಿ ನೋಡತಕ್ಕದ್ದು.

ಅ) ಎಲ್.ಸಿ.ಡಿ. ಪರದೆಗೆ ಅದರದೇ ಆದ ಚುಕ್ಕೆಗಳ ಸಂಖ್ಯೆ ಇದೆ. ೧೭ ಅಂಗುಲದ ಚೌಕ ಪರದೆಗೆ ಸಾಮಾನ್ಯವಾಗಿ ೧,೨೮೦ಕ್ಕೆ ೧,೦೨೪, ೧೮.೫ ಅಂಗುಲದ ಅಗಲ ಪರದೆಗೆ ೧,೩೬೬ಕ್ಕೆ ೭೬೮. ಕಂಪ್ಯೂಟರಿನಲ್ಲಿ ಬೇರೆ ಸಂಖ್ಯೆ ಇಟ್ಟಿದ್ದರೆ ಒಳ್ಳೆಯ ಪರದೆಯಲ್ಲಿಯೂ ಅಕ್ಷರ ಮಸುಕಾಗುತ್ತದೆ. ಸರಿಯಾದ ಸಂಖ್ಯೆಯನ್ನಿಟ್ಟು, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಿ. ಸಿ.ಆರ್.ಟಿ.ಯಾದರೆ, ಚಿತ್ರ ಸೆಕೆಂಡಿಗೆ ೬೦ ಸಲದ ಬದಲು ೭೫ ಅಥವಾ ೮೫ ಸಲ ಮೂಡುವಂತೆ ಇಡಿ, ನಡುಕ ಕಡಿಮೆಯಾಗುತ್ತದೆ.

ಆ) ಪರದೆಯ ಪಕ್ಕದಲ್ಲಿ ಒಂದು ಬಿಳಿಯ ಹಾಳೆ ಹಿಡಿಯಿರಿ. ಪರದೆಯ ಬಿಳುಪು ಹಾಳೆಯ ಬಿಳುಪಿನಷ್ಟೇ ಕಾಣುವ ತನಕ ಬೆಳಕನ್ನು ತಗ್ಗಿಸಿ. ಕಣ್ಣಿಗೆ ಹಿತ, ಎಲ್.ಸಿ.ಡಿ.ಯಾದರೆ ಕರೆಂಟೂ ಸ್ವಲ್ಪ ಉಳಿಯುತ್ತದೆ.

ಇ) ಕಿಟಕಿಯಾಗಲಿ ಟ್ಯೂಬ್‌ಲೈಟಾಗಲಿ ಪರದೆಯಲ್ಲಿ ಪ್ರತಿಬಿಂಬಿಸದಂತೆ ತಿರುಗಿಸಿ. ಪರದೆ ಒಂದು ತೋಳಿನಷ್ಟು ದೂರವಿರಲಿ; ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿರಲಿ. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಆದುದರಿಂದ ೨೦ ನಿಮಿಷಕ್ಕೊಮ್ಮೆ ದೂರದ ವಸ್ತುವನ್ನು ನೋಡುವ ಅಭ್ಯಾಸ ಒಳ್ಳೆಯದು. ಹೊಸ ಮಾನಿಟರು ತಂದರೂ ಈ ನಿಯಮ ತಪ್ಪಿದ್ದಲ್ಲ.

ಈ) ವಯಸ್ಸು ನಾಲ್ವತ್ತರ ಆಚೀಚೆ ಇದ್ದರೆ ಚಾಳೀಸು ಬಂದಿರಬಹುದು. ಕಣ್ಣಿನ ವೈದ್ಯರಲ್ಲಿ ಒಮ್ಮೆ ತೋರಿಸಿರಿ. ಕನ್ನಡಕದ ಕೆಲಸವನ್ನು ಮಾನಿಟರು ಮಾಡಲಾರದು.

ಇವೆಲ್ಲ ಆದ ಮೇಲೆ ಒಂದು ಕನ್ನಡದ ಪರೀಕ್ಷೆ. ನೀವು ದಿನವೂ ಬಳಸುವ ಗಾತ್ರದಲ್ಲಿ “ಪ, ಷ, ಫ, ಘ” ಎಂದೂ “ದ, ಧ, ಥ” ಎಂದೂ ಬೆರಳಚ್ಚು ಮಾಡಿರಿ. “ಶ್ರದ್ಧೆ”, “ರಾಷ್ಟ್ರ” ಎಂಬಂಥ ಒತ್ತಕ್ಷರದ ಮಾತುಗಳನ್ನೂ ಸೇರಿಸಿರಿ. ಷಕಾರದ ಹೊಟ್ಟೆಯ ಗೆರೆ, ಧಕಾರದ ಕೆಳಗಿನ ಸೀಳು, ಅಡಿಯಲ್ಲಿ ಕುಳಿತ ಒತ್ತು, ಇವು ತೋಳಿನ ದೂರದಿಂದ ಸ್ಪಷ್ಟವಾಗಿ ಕಂಡರೆ ನಿಮ್ಮ ಪರದೆ ಓದಿಗೆ ಯೋಗ್ಯವಾಗಿದೆ. ಇಂಗ್ಲಿಷ್ ಅಕ್ಷರಕ್ಕೆ ಸಾಲುವ ಪರದೆ ಕನ್ನಡದ ಒತ್ತಿಗೆ ಸಾಲದಿರುವುದುಂಟು. ಆದುದರಿಂದ ಕನ್ನಡದಲ್ಲೇ ಪರೀಕ್ಷಿಸಬೇಕು.

೫. ಜೋಡಣೆ ಮತ್ತು ದುರಸ್ತಿ

ಕೆಲವರು ಹೊಸ ಕಂಪ್ಯೂಟರಿಗೆ ಹಳೆಯ ಮಾನಿಟರು ಕೂಡಿಕೊಳ್ಳದೆಂದು ಅದನ್ನು ಮೂಲೆಗೆ ಹಾಕುತ್ತಾರೆ. ಹಳೆಯ ಮಾನಿಟರುಗಳಲ್ಲಿರುವ ಹದಿನೈದು ಸೂಜಿಯ ವಿ.ಜಿ.ಎ. ಜೋಡಣೆ ೧೯೮೭ರಲ್ಲಿ ಬಂದದ್ದು. ಹೊಸ ಯಂತ್ರಗಳಲ್ಲಿ ಹೆಚ್ಚಾಗಿ ಎಚ್.ಡಿ.ಎಂ.ಐ. ಮಾತ್ರ ಇರುತ್ತದೆ. ಎರಡನ್ನೂ ಕೂಡಿಸುವ ಸಣ್ಣ ಪರಿವರ್ತಕ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ “ಎಚ್.ಡಿ.ಎಂ.ಐ.ನಿಂದ ವಿ.ಜಿ.ಎ.ಗೆ” ಎಂದು ಸ್ಪಷ್ಟವಾಗಿ ಹೇಳಿ, ತಿರುವುಮುರುವಿನದು ತಂದರೆ ಚಿತ್ರ ಬಾರದು.

ಎಲ್.ಸಿ.ಡಿ. ಹೊತ್ತಿಕೊಳ್ಳಲು ತಡಮಾಡಿದರೆ, ಅಥವಾ ಹೊತ್ತಿ ಎರಡೇ ಸೆಕೆಂಡಿನಲ್ಲಿ ಕತ್ತಲಾದರೆ, ಪರದೆ ಸತ್ತಿತೆಂದು ತಿಳಿಯಬಾರದು. ಒಳಗಿನ ಕೆಪಾಸಿಟರು ಉಬ್ಬಿರುವುದು ಅಥವಾ ಹಿಂಬದಿಯ ದೀಪದ ಭಾಗ ಕೆಟ್ಟಿರುವುದು ಸಾಮಾನ್ಯ ಕಾರಣ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್‌ಗಳಲ್ಲಿ ಇಂಥ ದುರಸ್ತಿಯವರಿದ್ದಾರೆ. ಖರ್ಚು ಎಷ್ಟಾದೀತೆಂದು ಮೊದಲೇ ಕೇಳಿರಿ. ಹೊಸದರ ಬೆಲೆಯ ಮೂರನೆಯ ಒಂದು ಪಾಲನ್ನು ಮೀರುವುದಾದರೆ ದುರಸ್ತಿಯ ಗೊಡವೆ ಬೇಡ. ಸಿ.ಆರ್.ಟಿ.ಯನ್ನು ಮಾತ್ರ ಮನೆಯಲ್ಲಿ ಎಂದೂ ಬಿಚ್ಚಕೂಡದು. ಬಣ್ಣದ ನಳಿಗೆಯಲ್ಲಿ ೨೦ ಸಾವಿರ ವೋಲ್ಟಿಗೂ ಮಿಕ್ಕ ಒತ್ತಡವಿದ್ದು, ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು.

೬. ಬದಲಿಸಲೇಬೇಕಾದ ಸಂದರ್ಭಗಳು

ಸುಟ್ಟ ವಾಸನೆ, ಚಟಚಟ ಸದ್ದು, ಮುಟ್ಟಿದರೆ ಜುಮ್ಮೆನ್ನುವ ಕರೆಂಟು: ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ಪ್ಲಗ್ ಕೀಳಿರಿ. ಇಲ್ಲಿ ಉಳಿತಾಯದ ಮಾತೇ ಇಲ್ಲ. ನಾಲ್ಕೂ ಉಪಾಯ ಮಾಡಿದ ಮೇಲೂ ಅಕ್ಷರ ಪರೀಕ್ಷೆಯಲ್ಲಿ ಪರದೆ ಸೋತರೆ, ದಿನಕ್ಕೆ ಆರೆಂಟು ಗಂಟೆ ಅದರ ಮುಂದೆ ದುಡಿಯುವವರು ಬದಲಿಸಬೇಕು. ಅವರಿಗೆ ಅದು ಶೋಕಿಯಲ್ಲ, ಕಸುಬಿನ ಸಲಕರಣೆ. ದಿನಕ್ಕೆ ಅರ್ಧ ಗಂಟೆ ಅರ್ಜಿ ತುಂಬುವವರು ಕಾಯಬಹುದು. ಮನೆಯ ಟಿ.ವಿ.ಯಲ್ಲಿ ಎಚ್.ಡಿ.ಎಂ.ಐ. ಇದ್ದರೆ ಒಂದು ವಾರ ಅದಕ್ಕೇ ಕಂಪ್ಯೂಟರನ್ನು ಜೋಡಿಸಿ ನೋಡಿ. ದೊಡ್ಡ ಪರದೆಯಿಂದ ನಿಜವಾಗಿ ಅನುಕೂಲವಿದೆಯೇ ಎಂಬುದು ಹಣ ತೆರದೆಯೇ ತಿಳಿಯುತ್ತದೆ.

ಆಫೀಸುಗಳು ಮಾರಿಬಿಟ್ಟ ಬಳಸಿದ ಮಾನಿಟರನ್ನು ಕೊಳ್ಳುವುದು ಮೂರನೆಯ ದಾರಿ. ಅಂಗಡಿಯಲ್ಲೇ ಅರ್ಧ ಗಂಟೆ ನಡೆಸಿ, ಒಮ್ಮೆ ಪೂರ್ಣ ಬಿಳಿ, ಒಮ್ಮೆ ಪೂರ್ಣ ಕಪ್ಪು ತೆರೆದು, ಸತ್ತ ಚುಕ್ಕೆಗಳನ್ನೂ ಕಲೆಗಳನ್ನೂ ಹುಡುಕಿರಿ.

೭. ಬಿಟ್ಟದ್ದನ್ನು ಎಲ್ಲಿಗೆ ಕಳಿಸಬೇಕು?

ನಡೆಯುವ ಮಾನಿಟರಾದರೆ ಓದುವ ಮಕ್ಕಳಿರುವ ಮನೆಗೆ ಕೊಡಿ. ಪೂರ್ತಿ ಕೆಟ್ಟದ್ದನ್ನು ಭಂಗಾರಿನವನಿಗೆ ತೂಕಕ್ಕೆ ಹಾಕಬಾರದು. ಸಿ.ಆರ್.ಟಿ. ಗಾಜಿನಲ್ಲಿ ಸೀಸ, ಹಳೆಯ ಎಲ್.ಸಿ.ಡಿ.ಯ ದೀಪದಲ್ಲಿ ಪಾದರಸ ಇರುತ್ತದೆ. ತಾಮ್ರದ ಆಸೆಗೆ ಒಡೆದು ಸುಡುವಾಗ ಆ ವಿಷ ಸೇರುವುದು ಸುಡುವ ಬಡವನ ಎದೆಗೂ ಅಕ್ಕಪಕ್ಕದ ಗುಡಿಸಲುಗಳಿಗೂ. ೨೦೨೨ರ ಇ-ತ್ಯಾಜ್ಯ ನಿಯಮಗಳು ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿತರಾದ ಮರುಬಳಕೆದಾರರಿಗೆ ಅದು ಸೇರುವಂತೆ ನೋಡಿಕೊಳ್ಳಬೇಕು.

ಅಭ್ಯಾಸ

(೧) ನಿಮ್ಮ ಮಾನಿಟರು ಮೂರರಲ್ಲಿ ಯಾವ ಬಗೆಯದು? (೨) ಮೀಟರಿನ ಮಿನುಗಿನಂತೆ ಅದರ ವ್ಯಾಟ್ ಎಷ್ಟು? (೩) ಹೊಸದರ ಬೆಲೆಯನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಎಷ್ಟು ವರ್ಷ ಬರುತ್ತದೆ? (೪) ಅಕ್ಷರ ಪರೀಕ್ಷೆಯಲ್ಲಿ ಎಷ್ಟು ದೂರದಿಂದ ಷಕಾರ, ಪಕಾರಗಳ ಭೇದ ಕಾಣುತ್ತದೆ? ಈ ನಾಲ್ಕು ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು, ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿರಿ. ಉತ್ತರ ಬರೆಯುವ ತನಕ ಹೋಗಬೇಡಿರಿ.